ಕೊನೆಯ ನುಡಿಯ ಹೆಸರು

ಮುಕ್ಕುಂದ
18 ಆಗಸ್ಟ್ 2024

ಸೌಭಾಗ್ಯವತಿ ರೇಣುಕಾಗೆ,

ನಾನು ಚೆನ್ನಾಗಿದ್ದೇನೆ, ನಿನ್ನ ಎಮ್ಮೆಯೂ ಚೆನ್ನಾಗಿದೆ. ಮಗಳ ಬಾಣಂತನಕ್ಕೆಂದು ನೀನು ಲಿಂಗಸುಗೂರಿಗೆ ಹೋಗಿ ಎರಡು ತಿಂಗಳಾದರೂ ನಾನು ಒಂದು ಸಾಲು ಬರೆಯಲಿಲ್ಲ, ಬೈಯಬೇಡ. ಫೋನಿನಲ್ಲಿ ಮೊಮ್ಮಗಳ ಅಳು ಕೇಳಿ ಇಟ್ಟುಬಿಡುತ್ತಿದ್ದೆ. ಈ ಮಾತು ಹೇಳಲು ಬಾಯಿ ಬರಲಿಲ್ಲ. ನಾಗವೇಣಿ, ನನ್ನವ್ವಾ, ನಿಮ್ಮವ್ವನಿಗೆ ಒಂದಕ್ಷರ ಬಿಡದೆ ಓದಿ ಹೇಳು.

ಮಸ್ಕಿಯ ಜಂಬಣ್ಣ ಗೊತ್ತಲ್ಲ, ಮೊಬೈಲ್ ಅಂಗಡಿಯ ಹಿಂದೆ ಹಾಡು ರೆಕಾರ್ಡ್ ಮಾಡುವವನು? ನನ್ನ ಗಂಟಲು ಈಗ ಮೇಲಿನ ಸ್ವರಕ್ಕೆ ಏರುವುದಿಲ್ಲ ಎಂದು ತಿಳಿದೂ ಕರೆಸಿದ. "ಕಾಕಾ, ಏಕತಾರಿ ಮೂಲಿಗಿಡ್ರಿ. ಬರೇ ಬಾಯಿಲೆ ನಿಮ್ಮ ಎಂಟೂ ಪದ ಹೇಳ್ರಿ, ಅವನ್ನ ಆಲ್ಬಂ ಮಾಡೂಣು" ಎಂದ. ಹಾಡದ ಹಾಡುಗಾರ ಎಂಥವನು ಎಂದು ಸಿಟ್ಟು ಬಂತು. ಆದರೂ ಕುಳಿತೆ.

ಮೊದಲು ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚುವ ಪದ. "ಕೆಸರಿಗೆ ಕಾಲ ಕೊಟ್ಟೆ, ಹಸರಿಗೆ ಕೈಯ ಕೊಟ್ಟೆ, ನನಗಂತ ಏನ ಉಳಿಸಿದಿ ಒಡೆಯಾ..." ಕೊನೆಯ ನುಡಿಯಲ್ಲಿ ಪದ ಕಟ್ಟಿದವರ ಹೆಸರು ಬರಬೇಕಲ್ಲ. ಇಷ್ಟು ವರ್ಷ 'ಗ್ಯಾನಪ್ಪ ಹೇಳ್ಯಾನ' ಎಂದೇ ಹಾಡಿದವನು ನಾನು. ರಾಗವಿಲ್ಲದೆ ಹೇಳಹೊರಟರೆ ಸುಳ್ಳುಸಾಕ್ಷಿ ಹೇಳಿದಂತಾಗಿ ನಾಲಿಗೆ ನಿಂತಿತು.

"ಯಾಕ್ರಿ ಕಾಕಾ?"

"ಈ ಪದ ನಂದಲ್ಲೋ. ನಮ್ಮ ರೇಣುಕಮ್ಮ ಗದ್ದ್ಯಾಗ ಕಟ್ಟಿದ್ದು. ಎಂಟೂ ಆಕೀವೇ."

ಜಂಬಣ್ಣ ನಗಲಿಲ್ಲ. "ಹಂಗಾರ ಆಕಿ ಹೆಸರೇ ಹೇಳ್ರಿ" ಎಂದ.

ಎಂಟಕ್ಕೂ 'ರೇಣುಕಮ್ಮ ಹೇಳ್ಯಾಳ' ಎಂದೆ. ವಾಪಸ್ ಬರುವಾಗ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಚಹಾ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ. ನೀನು ಹೂಂ ಅನ್ನುವತನಕ ಆಲ್ಬಂ ಹೊರಗೆ ಬಿಡಬೇಡ ಎಂದು ಅವನಿಗೆ ಹೇಳಿದ್ದೇನೆ. ಬೇಡ ಅಂದರೆ ಅಳಿಸುತ್ತಾನೆ. ನನಗೆ ಸಂಕಟವಾಗುತ್ತದೆ, ಆದರೂ ಅಳಿಸಲಿ.

ಇಲ್ಲೀಗ ನೆಲ್ಲು ಹಚ್ಚುತ್ತಿದ್ದಾರೆ. ಕಾಲುವೆ ಕೆಳಗಿನ ಹೆಂಗಸರು ನಿನ್ನ ಪದವನ್ನೇ ಹಾಡುತ್ತಾರೆ, ಕೊನೆಗೆ ನನ್ನ ಹೆಸರು. ಆ ದಾರಿ ಬಿಟ್ಟು ಸುತ್ತಿಕೊಂಡು ಮನೆಗೆ ಬರುತ್ತೇನೆ.

ಕೂಸಿಗೆ ನನ್ನ ಮುದ್ದು. ಮೂವರೂ ತಣ್ಣಗಿರಿ.

ನಿನ್ನ
ಗ್ಯಾನಪ್ಪ

ಮತ್ತೊಂದು ಮಾತು. ನಾಗವೇಣಿ, ಇದನ್ನೂ ಓದು. ನೀನು ತೊಟ್ಟಿಲಲ್ಲಿದ್ದಾಗ ನಿಮ್ಮವ್ವ ಕೇಳಿದ್ದಳು: "ಒಂದ್ ಪದಕ್ಕರ ನನ್ನ ಹೆಸರ ಹಾಕ್ರಿ." "ನಿನ್ನ ಹೆಸರು ತಾಳಕ್ಕ ಕುಂದ್ರಂಗಿಲ್ಲ" ಎಂದು ಭಜನೆಯವರ ಮುಂದೆ ನಕ್ಕುಬಿಟ್ಟೆ. ಎಂಟು ಪದ ಕಟ್ಟಿದವಳು ಒಂಬತ್ತನೆಯದನ್ನು ಕಟ್ಟಲೇ ಇಲ್ಲ. ನಿನ್ನೆ ಏಕತಾರಿ ಹಿಡಿದು ಮೆಲ್ಲಗೆ ಹಾಡಿ ನೋಡಿದೆ. ಕುಳಿತಿತು, ರೇಣುಕಾ. ಕೂರುತ್ತದೆಂದು ನನಗೆ ಅವತ್ತೇ ಗೊತ್ತಿತ್ತು.