ಕೊಟ್ಟ ತೊಟ್ಟಿಲು ವಾಪಸ್ ಕೇಳುವುದು ನಿಮ್ಮ ಕೆಲಸ

ರೀ,

ತಂಗಿ ಜೊತೆ ಸ್ಕ್ಯಾನಿಂಗ್‌ಗೆ ಹೊರಟೆ. ನಿಮ್ಮನ್ನು ಕರೆದುಕೊಂಡು ಹೋದರೆ ಡಾಕ್ಟರಿಗೂ ಭಾಷಣ ಬಿಗಿಯುತ್ತೀರಿ. ಮಕ್ಕಳಿಗೆ ಸುದ್ದಿ ನಾನೇ ಹೇಳುತ್ತೇನೆ, ನೀವು ಡಂಗುರ ಸಾರಬೇಡಿ.

ನಿಮಗಿರುವುದು ಒಂದೇ ಕೆಲಸ. ಹೋದ ತಿಂಗಳು ಚರ್ಚಿನಲ್ಲಿ ಮೈಕ್ ಹಿಡಿದು, "ಪ್ರತಿ ಮಗುವೂ ದೇವರ ವರ, ನಮ್ಮ ಪಾಲಿನ ನಾಲ್ಕೂ ಬಂದಾಯ್ತು" ಅಂತ ಹೇಳಿ, ನೀವೇ ಕೆತ್ತಿದ ತೊಟ್ಟಿಲನ್ನು ದಿಕ್ಕಿಲ್ಲದ ಬಸುರಿಯರ ಆಶ್ರಮಕ್ಕೆ ಕೊಟ್ಟಿರಲ್ಲ? ಫಾದರ್ ಹತ್ತಿರ ಹೋಗಿ ಅದನ್ನು ವಾಪಸ್ ಕೇಳಿ. ಅವರು ನಗುತ್ತಾರೆ. ಇಂಗು ತಿಂದ ಮಂಗನ ಹಾಗೆ ನಿಲ್ಲದೆ ನೀವೂ ನಕ್ಕುಬಿಡಿ. ಅದರಲ್ಲಿ ಆಗಲೇ ಯಾವುದಾದರೂ ಕೂಸು ಮಲಗಿದ್ದರೆ ಮಾತ್ರ, ತುಟಿ ಪಿಟಕ್ಕೆನ್ನದೆ ಬಂದು ಹೊಸ ಮರಕ್ಕೆ ಉಳಿ ಹಿಡಿಯಿರಿ.

ನಿನ್ನೆ ಡಾಕ್ಟರ್, "ನಲವತ್ಮೂರಕ್ಕೆ ಇದೆಲ್ಲ ಬೇಕಾ, ಯೋಚನೆ ಮಾಡಿ" ಅಂದರು. "ಬೇಕು" ಅಂದೆ. ಅಂದವಳೇ ಹೊರಗೆ ಬಂದು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತೆ. ನನಗೆ ಹೆದರಿಕೆ ಆಗಿದೆ. ಸಂಜೆ ಮತ್ತೆ ದೇವರ ವರ ಅಂತ ಶುರು ಮಾಡಬೇಡಿ, ಅದು ನನಗೂ ಗೊತ್ತು. ವರ ಹೊತ್ತವಳ ಕಾಲು ಊದಿದೆ, ಸುಮ್ಮನೆ ಕೂತು ಒತ್ತಿ.