ಹದಿನಾಲ್ಕು ಕಿಲೋ ಜಡ್ಜಮ್ಮ

ಫೆಬ್ರವರಿ 3, ಸೋಮವಾರ. ಬೆಳಗ್ಗೆ 6.40

ಚೈನಿಗೆ ಎಣ್ಣೆ ಬಿಟ್ಟೆ. ಗಾಳಿ ನೋಡಿದೆ. ನಿನ್ನೆಯ ಗುಡ್ಡದ ಕೆಸರು ಪೆಡಲಿನ ಸಂದಿಯಲ್ಲಿ ಇನ್ನೂ ಇತ್ತು. ಹಳೆಯ ಟೂತ್‌ಬ್ರಶ್ಶಿನಿಂದ ಕೆರೆದು ತೆಗೆದೆ. 'ನಿನ್ನ ಹಲ್ಲಿಗಿಂತ ಈ ಸೈಕಲ್ಲಿಗೇ ಜಾಸ್ತಿ ಬ್ರಶ್ಶು' ಅನ್ನುತ್ತಾಳೆ ಅಕ್ಕ. ಅನ್ನಲಿ. ಮೂವತ್ತನಾಲ್ಕು ದಾಟಿದ ಬ್ರಹ್ಮಚಾರಿಗೆ ಒಂದು ಮೌಂಟನ್ ಬೈಕ್ ಆದರೂ ಬೇಡವೇ.

ಕೆಳಗಿನ ಮನೆಯಿಂದ ದಡಾರ್ ಎಂದು ಸದ್ದು. ಈಗ ಅಕ್ಕನ ಕೂಗು. ಹೋಗಿ ನೋಡಬೇಕು.

ಅದೇ ದಿನ, ಸಂಜೆ

ಅಕ್ಕ ಜಾರಿದ್ದು ಕೊನೆಯ ಎರಡೇ ಮೆಟ್ಟಿಲು. ಬಲಗಾಲಿನ ಗಂಟಿನಲ್ಲಿ ಮೂಳೆ ಬಿರುಕು. ಆರು ವಾರ ಪ್ಲಾಸ್ಟರ್. ಭಾವ ಹಡಗಿನ ಕೆಲಸದವರು, ಈಗ ಯಾವುದೋ ಸಮುದ್ರದ ನಡುವೆ ಇದ್ದಾರೆ. ಬರುವುದು ಮೇ ತಿಂಗಳಿಗೆ.

ಮಗುವನ್ನು ಶಿಶುವಿಹಾರಕ್ಕೆ ಬಿಡುವವರು ಯಾರು? ಸೇತುವೆ ರಿಪೇರಿ ನಡೆಯುತ್ತಿದೆ, ನಡೆಯುವವರನ್ನೂ ಸೈಕಲ್ಲಿನವರನ್ನೂ ಮಾತ್ರ ಬಿಡುತ್ತಾರೆ. ಸುತ್ತಿಕೊಂಡು ಬರಲು ವ್ಯಾನಿನವನು ಒಲ್ಲೆ ಎಂದಿದ್ದಾನೆ. ಇಷ್ಟು ದಿನ ಅಕ್ಕನೇ ಎರಡು ಕಿಲೋಮೀಟರ್, ಅರ್ಧ ನಡೆಸಿಕೊಂಡು ಅರ್ಧ ಎತ್ತಿಕೊಂಡು ಹೋಗುತ್ತಿದ್ದಳು.

"ನಾನಿಲ್ವಾ? ಸೈಕಲ್ ಇದೆಯಲ್ಲ" ಎಂದುಬಿಟ್ಟೆ. ಸೈಕಲ್ಲಿಗೆ ಎರಡು ಬ್ರೇಕು. ನನ್ನ ಬಾಯಿಗೆ ಒಂದೂ ಇಲ್ಲ.

ಫೆಬ್ರವರಿ 4, ಮಂಗಳವಾರ

ಅಕ್ಕನ ಮಗಳಿಗೆ ಮೂರೂವರೆ ವರ್ಷ. ಮನೆಯಲ್ಲಿ ಎಲ್ಲರೂ ಕರೆಯುವುದು ಜಡ್ಜಮ್ಮ ಎಂದು. ಏನೇ ಕಂಡರೂ ಗದ್ದ ಎದೆಗೊತ್ತಿ, ಕೆಳಗಿನಿಂದ ಮೇಲೆ ನೋಡಿ ತೀರ್ಪು ಕೊಡುತ್ತಾಳೆ. "ಇದು ಸರಿ ಇಲ್ಲ." ಮುಗಿಯಿತು. ಮೇಲ್ಮನವಿ ಇಲ್ಲ.

ಮುಂದಿನ ಪೈಪಿಗೆ ಟವೆಲ್ ಸುತ್ತಿ ಕೂರಿಸಿದೆ. ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೋ ಎಂದೆ. ಹೊರಟೆವು. ಎಷ್ಟು ಸಲೀಸು! ಇದಕ್ಕೇ ಇಷ್ಟೊಂದು ಯೋಚನೆಯೇ ಎಂದು ಒಳಗೊಳಗೇ ಬೀಗುತ್ತಿದ್ದೆ. ಸೇತುವೆಯ ಹತ್ತಿರ ಗಾಡಿ ಗಕ್ಕನೆ ನಿಂತಿತು. ಹಿಂದಿನ ಚಕ್ರ ಮೇಲೆದ್ದಿತು. ಹೇಗೋ ಕಾಲು ಊರಿ, ಒಂದು ಕೈಯಲ್ಲಿ ಅವಳನ್ನು ಬಾಚಿ ಹಿಡಿದೆ.

"ಮಾಮಾ, ಚಕ್ರ ನನ್ನ ಚಪ್ಲಿ ತಿಂತು."

ಎಡಗಾಲಿನ ಚಪ್ಪಲಿ ಕಡ್ಡಿಗಳ ನಡುವೆ ಸಿಕ್ಕಿ ಪಟ್ಟಿ ಎರಡು ತುಂಡು. ಪಾದ ಹೊರಗಿತ್ತು. ಬೆರಳುಗಳ ಮೇಲೆ ಒಂದು ಕೆಂಪು ಗೆರೆ, ಅಷ್ಟೇ. ಅರ್ಧ ಇಂಚು... ಬರೆಯಲು ಕೈ ಬರುತ್ತಿಲ್ಲ. ರಸ್ತೆಯ ಬದಿಗೆ ಕೂತುಬಿಟ್ಟೆ, ನೀರು ಕುಡಿದೆ. ಅವಳು ಪಕ್ಕದಲ್ಲಿ ಒಂಟಿಕಾಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂಗೆ ಓಡ್ಸೋಕೆ ಬರಲ್ಲ."

ಅಲ್ಲಿಂದ ಎತ್ತಿಕೊಂಡೇ ಹೋದೆ. ದಾರಿಯಲ್ಲಿ ಅದೇ ಬಣ್ಣದ ಚಪ್ಪಲಿ ಕೊಂಡೆ. ಅಮ್ಮನಿಗೆ ಹೇಳಬೇಡ, ಚಾಕ್ಲೇಟ್ ಕೊಡಿಸುತ್ತೇನೆ ಎಂದೆ. "ಎರಡು" ಎಂದಳು. ಒಪ್ಪಂದ ಆಯಿತು.

ಅದೇ ದಿನ, ರಾತ್ರಿ ಊಟದ ನಂತರ

ಒಪ್ಪಂದ ಉಳಿದದ್ದು ಸಂಜೆ ಐದರವರೆಗೆ.

"ಹೇಗಿತ್ತಮ್ಮಾ ಸೈಕಲ್ಲು?" ಎಂದಳು ಅಕ್ಕ.

"ಚಪ್ಲಿ ವಿಷ್ಯ ನಿಂಗೆ ಹೇಳ್ಬಾರ್ದು ಅಂತ ಮಾಮ ಹೇಳಿದಾನೆ."

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮಗುವಿನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಕೆಂಪು ಗೆರೆಯ ಮೇಲೆ ಬೆರಳಾಡಿಸಿದಳು. "ಚಕ್ರಕ್ಕೆ ಕಾಲು ಸಿಗೋದು ಯಾರ ಕೈಲಾದ್ರೂ ಆಗ್ಬಹುದು ಕಣೋ. ಮಗೂಗೆ ಲಂಚ ಕೊಟ್ಟು ಮುಚ್ಚಿಟ್ಯಲ್ಲ, ಅದು ನೀನು ಮಾಡಿದ್ದು."



ಫೆಬ್ರವರಿ 8, ಶನಿವಾರ

ನಾಲ್ಕು ದಿನದಿಂದ ಪಕ್ಕದ ಮನೆಯ ನರ್ಸಮ್ಮ ಮಗುವನ್ನು ಕರೆದೊಯ್ಯುತ್ತಿದ್ದಾರೆ. ನಿವೃತ್ತರಾಗಿ ಆರು ವರ್ಷ ಆಗಿದೆ, ಸೊಂಟನೋವು ಬೇರೆ. "ನಿಮ್ಮ ಜಡ್ಜಮ್ಮನ್ನ ಎತ್ತಿ ಎತ್ತಿ ನಾನೇ ಆಸ್ಪತ್ರೆ ಸೇರ್ತೀನಪ್ಪ" ಎಂದರು. ಅಕ್ಕ ನನ್ನ ಜೊತೆ ಆಡುವ ಮಾತು: ನೀರು ಕೊಡು, ಲೈಟ್ ಆರಿಸು.

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿ, ಸೈಕಲ್ ಮತ್ತು ಮಗು ಎರಡನ್ನೂ ಮೆಕ್ಯಾನಿಕ್ ಹತ್ತಿರ ನಡೆಸಿಕೊಂಡು ಹೋದೆ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಆತ ಅರವತ್ತರ ಮನುಷ್ಯ. ಬೈಯಲಿಲ್ಲ, ಬೀಡಿ ಆರಿಸಿದ.

"ಹಿಂದೆ ಕ್ಯಾರಿಯರ್ ಸೀಟು ಹಾಕ್ಕೊಡಿ" ಎಂದೆ.

"ಇದಕ್ಕೆ ಹಿಂದೆ ಸ್ಪ್ರಿಂಗ್ ಇದೆ ಸಾರ್. ಚಕ್ರ ಮೇಲೆ ಕೆಳಗೆ ಕುಣಿಯುತ್ತೆ. ಅಲ್ಲಿ ಕ್ಯಾರಿಯರ್ ಕೂರಲ್ಲ, ಕೂತ್ರೂ ಮಗು ಕೂರಲ್ಲ. ಮುಂದೆ ಕೂರಿಸ್ಕೊಳ್ಳಿ, ನಿಮ್ಮ ಎರಡು ಕೈ ಮಧ್ಯೆ. ಆದ್ರೆ ಟವೆಲ್ ಮೇಲಲ್ಲ."

ಪೈಪಿಗೆ ಬಿಗಿಯುವ ಪುಟ್ಟ ಸೀಟು. ಕಾಲಿಡಲು ಎರಡು ಕಡೆ ತಟ್ಟೆ, ಪಾದಕ್ಕೆ ಪಟ್ಟಿ, ಸೊಂಟಕ್ಕೆ ಬೆಲ್ಟು. ಜಡ್ಜಮ್ಮನನ್ನು ದರ್ಜಿಯ ಹಾಗೆ ಟೇಪು ಹಿಡಿದು ಅಳೆದ. ತಕ್ಕಡಿಯ ಮೇಲೆ ನಿಲ್ಲಿಸಿದ. ಹದಿನಾಲ್ಕು ಕಿಲೋ. ಸೀಟು ಹದಿನೈದರವರೆಗೆ ತಡೆಯುತ್ತದಂತೆ. "ಚಾಕ್ಲೇಟ್ ಕಮ್ಮಿ ಮಾಡಿ" ಎಂದ. ಹೆಲ್ಮೆಟ್ ಹಾಕುವಾಗ ಅವಳ ಹುಬ್ಬಿನ ಮೇಲೆ ಎರಡು ಬೆರಳಿಟ್ಟು ತೋರಿಸಿದ. "ಹಣೆ ಪೂರ್ತಿ ಕಂಡ್ರೆ ಅದು ಟೋಪಿ. ಇಲ್ಲಿಗೆ ಬಂದ್ರೆ ಹೆಲ್ಮೆಟ್ಟು."

ಜಡ್ಜಮ್ಮ ಅವನ ಬೋಳುತಲೆ ನೋಡಿ, "ನಿಂದೆಲ್ಲಿ?" ಎಂದಳು.

ಫೆಬ್ರವರಿ 9, ಭಾನುವಾರ

ಗೆಳೆಯರೆಲ್ಲ ಗುಡ್ಡಕ್ಕೆ. ನಾನು ನಮ್ಮ ಓಣಿಯಲ್ಲಿ ಹದಿನಾಲ್ಕು ಕಿಲೋ ಅಕ್ಕಿ ಚೀಲಕ್ಕೆ ಬೆಲ್ಟು ಕಟ್ಟಿ ಮೇಲೆ ಕೆಳಗೆ ಓಡಾಡಿದೆ. ಹೆಲ್ಮೆಟ್ಟನ್ನೂ ಅದಕ್ಕೇ ಹಾಕಿದ್ದೆ, ಅಲುಗುತ್ತದೆಯೋ ನೋಡಲು. ನೆಲಕ್ಕೆ ಎರಡೂ ಕಾಲು ತಾಗಲಿ ಎಂದು ನನ್ನ ಸೀಟು ತಗ್ಗಿಸಿದ್ದೇನೆ. ಮುಂದಿನ ಸೀಟಿಗೆ ತಾಗಬಾರದೆಂದು ಮಂಡಿಗಳು ಹೊರಗೆ. ಥೇಟ್ ಕಪ್ಪೆ.

ನರ್ಸಮ್ಮ ಗೇಟಿನಿಂದ ಇಣುಕಿ, "ಯಾರಪ್ಪ ಅದು, ಮಾತೇ ಆಡಲ್ವಲ್ಲ?" ಎಂದರು. ಕಣ್ಣಿನ ಪವರ್ ಬದಲಾಗಿದೆ ಅವರಿಗೆ. ಅಂಗಡಿಗೆ ಬರಲು ಹೇಳಬೇಕು.

ಫೆಬ್ರವರಿ 12, ಬುಧವಾರ

ಅಕ್ಕ ಮೂರು ದಿನ ಕಿಟಕಿಯಿಂದ ನೋಡಿದಳು. ಇವತ್ತು ಬಾಯಿಬಿಟ್ಟಳು.

"ಅಕ್ಕಿಗೆ ನೋವಾಗಲ್ಲ. ಮೊಟ್ಟೆ ಕಟ್ಟು."

"ಎಷ್ಟು?"

"ಒಂದು ಟ್ರೇ. ಒಂದೂ ಒಡೀಬಾರ್ದು."

ಓಣಿಯಲ್ಲಿ ಎರಡು ಹಂಪು, ಒಂದು ಮೋರಿ ಮುಚ್ಚಳ, ನಿದ್ದೆ ಮಾಡುವ ಒಂದು ನಾಯಿ. ಮೊದಲ ಸುತ್ತಿಗೆ ಮೂವತ್ತರಲ್ಲಿ ಹನ್ನೊಂದು ಹೋದವು. ಪ್ಯಾಂಟು, ಪೈಪು, ಚೈನು, ಎಲ್ಲ ಹಳದಿ. ನಾಯಿಗೆ ಎಚ್ಚರವಾಯಿತು.

ಫೆಬ್ರವರಿ 14, ಶುಕ್ರವಾರ

ಮೂರು ಒಡೆದವು. ಬೆಳಗ್ಗೆ ಮೊಟ್ಟೆ, ಮಧ್ಯಾಹ್ನ ಮೊಟ್ಟೆ, ರಾತ್ರಿಯೂ ಅದೇ. "ಇನ್ನೊಂದ್ಸಲ ಬೀಳ್ಸು ಮಾಮಾ, ಕೇಕ್ ಮಾಡ್ಬಹುದು" ಎಂದಳು ಜಡ್ಜಮ್ಮ. ನನ್ನ ಪರ ಇಡೀ ಮನೆಯಲ್ಲಿ ಯಾರೂ ಇಲ್ಲ.

ಫೆಬ್ರವರಿ 16, ಭಾನುವಾರ

ಟೈರಿನ ಗಾಳಿ ಸ್ವಲ್ಪ ಇಳಿಸಿದೆ. ಹಂಪು ಬರುವ ಮೊದಲೇ ನಿಧಾನಿಸಿದೆ. ಎರಡೂ ಬ್ರೇಕು ಒಟ್ಟಿಗೆ, ಮೆತ್ತಗೆ, ಹೂವು ಹಿಡಿದ ಹಾಗೆ. ಟ್ರೇಯನ್ನು ಅಕ್ಕನ ಮಡಿಲಿಗಿಟ್ಟೆ. ಒಂದೊಂದೇ ಎತ್ತಿ ನೋಡಿದಳು.

"ಮೂವತ್ತೂ ಇದೆ" ಎಂದಳು.

ಅವಳು ಪ್ಲಾಸ್ಟರ್ ಕಾಲು ಸರಿಸುತ್ತಿದ್ದಾಗ ಮೂಲೆಯ ಮೊಟ್ಟೆಯ ಒಂದು ಬದಿ ನನ್ನ ಕಣ್ಣಿಗೆ ಬಿತ್ತು. ಕೂದಲೆಳೆಯಷ್ಟು ಬಿರುಕು. ದಿನವಿಡೀ ಲೆನ್ಸಿನ ಗೀರು ಹುಡುಕುವ ಕಣ್ಣು ನನ್ನದು, ತಪ್ಪುವ ಹಾಗೇ ಇಲ್ಲ. ಅವಳಿಗೆ ಕಂಡಿರಲಿಲ್ಲ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

"ಅಕ್ಕಾ, ಇದೊಂದು ಹೋಗಿದೆ" ಎಂದೆ.

ಅವಳು ಮೊಟ್ಟೆಯನ್ನಲ್ಲ, ನನ್ನನ್ನು ನೋಡಿದಳು.

"ನಾಳೆ ಕರ್ಕೊಂಡು ಹೋಗು" ಎಂದಳು.

ಫೆಬ್ರವರಿ 17, ಸೋಮವಾರ

ಎರಡು ಕಿಲೋಮೀಟರಿಗೆ ಇಪ್ಪತ್ತೆರಡು ನಿಮಿಷ. ಕೋಲು ಊರಿಕೊಂಡು ಹೋಗುತ್ತಿದ್ದ ಅಜ್ಜ ಒಬ್ಬರು ನಮ್ಮನ್ನು ಹಿಂದೆ ಹಾಕಿದರು. ಜಡ್ಜಮ್ಮ ಅವರಿಗೆ ಬೆಲ್ ಹೊಡೆದು ಟಾಟಾ ಮಾಡಿದಳು. ಎರಡು ಪಾದಗಳೂ ಪಟ್ಟಿಯೊಳಗೆ ಇದ್ದವು. ನಲವತ್ತು ಸಲ ನೋಡಿದೆ.

ಇಳಿಸಿದಾಗ ಗದ್ದ ಎದೆಗೊತ್ತಿ ನೋಡಿದಳು. "ಪರವಾಗಿಲ್ಲ."

ಅಂಗಡಿಯಲ್ಲಿ ದಿನವಿಡೀ ಎಲ್ಲರಿಗೂ ಡಿಸ್ಕೌಂಟ್ ಕೊಟ್ಟೆ.

ಮಾರ್ಚ್ 5, ಬುಧವಾರ

ವಾಪಸ್ ಬರುವಾಗ ನಿದ್ದೆ ಹೋದಳು. ತಲೆ ವಾಲಿತು, ಹೆಲ್ಮೆಟ್ ನನ್ನ ಮೊಣಕೈಗೆ ಬಡಿಯಿತು. ತಕ್ಷಣ ಇಳಿದೆ. ಸ್ಟ್ಯಾಂಡ್ ಹಾಕಿ ಬಿಟ್ಟರೆ ಗಾಡಿ ಮಗುವಿನ ಸಮೇತ ಮಗುಚುತ್ತದೆ, ಮೆಕ್ಯಾನಿಕ್ ಮೂರು ಸಲ ಹೇಳಿದ್ದ. ಹಾಗಾಗಿ ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಅವಳ ಬೆನ್ನಿಗೆ. ತಳ್ಳಿಕೊಂಡೇ ಬಂದೆ. ಗುಡ್ಡದಿಂದ ಇಳಿದ ಗೆಳೆಯರ ತಂಡ ಎದುರಾಯಿತು. "ಏನೋ ಆಯ್ತು, ಪಂಕ್ಚರ್ರಾ?"

"ಶ್ಶ್" ಎಂದೆ.

ಮಾರ್ಚ್ 22, ಶನಿವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ಬಡಕಲಾಗಿದೆ. ಸ್ವಲ್ಪ ದಿನ ಕಳೆದು ಸೈಕಲ್ ತುಳಿದರೆ ಗಂಟಿಗೆ ಒಳ್ಳೆಯದಂತೆ, ಫಿಸಿಯೋ ಹೇಳಿದ್ದಾರೆ. ಅಕ್ಕ ನನ್ನ ಗಾಡಿಯ ಸುತ್ತ ಎರಡು ಸುತ್ತು ಬಂದಳು. ಚೌಕಾಸಿ ಮಾಡುವವಳ ಹಾಗೆ.

"ಕಾಲೇಜಿಗೆ ಮೂರು ವರ್ಷ ಸೈಕಲ್ಲಲ್ಲೇ ಹೋಗಿದೀನಿ, ಮರ್ತ್ಯಾ?"

ಏನೋ ಕೆಟ್ಟದ್ದು ಆಗಲಿದೆ.

ಏಪ್ರಿಲ್ 21, ಸೋಮವಾರ. ಬೆಳಗ್ಗೆ 8.50, ಅಂಗಡಿಯಲ್ಲಿ

ಅಕ್ಕನಿಗೆ ಎರಡು ವಾರ ಓಣಿಯಲ್ಲಿ ನನ್ನ ಸೈಕಲ್ ಮೇಲೆ ಅಭ್ಯಾಸ. ಇವತ್ತು ತಾಯಿ ಮಗಳು ಇಬ್ಬರೇ ಶಿಶುವಿಹಾರದ ಬೇಸಿಗೆ ಶಿಬಿರಕ್ಕೆ ಹೊರಟರು. ಗೇಟಿನಲ್ಲಿ ನಿಂತು ಹನ್ನೊಂದು ಸೂಚನೆ ಕೊಟ್ಟೆ. ಹನ್ನೆರಡನೆಯದಕ್ಕೆ ಅಕ್ಕ, "ಹೆತ್ತೋಳು ನಾನು ಕಣೋ" ಎಂದು ಪೆಡಲ್ ತುಳಿದಳು.

8.30ಕ್ಕೆ ಬಿಟ್ಟಿದ್ದು. ನನ್ನ ಲೆಕ್ಕದಲ್ಲಿ 8.52ಕ್ಕೆ ತಲುಪಬೇಕು.

9.05. ಫೋನ್ ಇಲ್ಲ. ದೂರದ ಕನ್ನಡಕ ಕೇಳಿದವರಿಗೆ ಓದುವ ಕನ್ನಡಕ ಕೊಟ್ಟೆ. ಬಾಗಿಲಿಗೆ ಡಿಕ್ಕಿ ಹೊಡೆದರು ಪಾಪ.

9.15. ನಾನೇ ಮಾಡಿದೆ. ಎತ್ತಲಿಲ್ಲ. ಸೇತುವೆ ಹತ್ತಿರ ಜಲ್ಲಿ ಬಿದ್ದಿದೆ ಎಂದು ಹೇಳಿದೆನೇ? ಇಷ್ಟು ವಾರ ಆ ಕಿಟಕಿಯಲ್ಲಿ ಕೂತು ಅವಳೂ ದಿನಾ ಹೀಗೇ ಕಾಯುತ್ತಿದ್ದಳೇ? ನಾನು ಒಂದು ದಿನವೂ ಕೇಳಲಿಲ್ಲ.

9.24. ಬಂತು. ಮೊದಲು ಬರೀ ಗಾಳಿಯ ಸದ್ದು. ಆಮೇಲೆ ಅಕ್ಕನ ನಗು.

"ಬಿಟ್ಟು ಅರ್ಧ ಗಂಟೆ ಆಯ್ತು ಕಣೋ. ಆರಾಮಾಗಿ ಒಳಗೆ ಹೋದ್ಲು."

"ಮತ್ತೆ ನೀನೆಲ್ಲಿದೀಯಾ?"

"ಒಬ್ಳೇ ಒಂದು ರೌಂಡ್ ಹೊಡ್ಯೋಣ ಅಂತ ಬಂದೆ. ಎಷ್ಟೊಂದು ಗೇರು ಇದಕ್ಕೆ! ಗುಡ್ಡದ ಬುಡದಲ್ಲಿ ನಿಂತಿದೀನಿ. ದಾರಿ ಎಡಕ್ಕೋ ಬಲಕ್ಕೋ?"

"ಅಕ್ಕಾ, ಅಲ್ಲೇ ಇರು. ಹತ್ಬೇಡ. ನಾನು ಬಂದೆ."

"ಯಾವುದ್ರಲ್ಲಿ ಬರ್ತೀಯೋ?" ಎಂದಳು.

ಮಾಲೀಕರ ಹೆಂಡತಿಯ ಹಳೇ ಸೈಕಲ್ ಒಂದು ಅಂಗಡಿಯ ಹಿಂದೆ ಇದೆ. ಮುಂದೆ ಬುಟ್ಟಿ ಇರುವಂಥದ್ದು. ಕೇಳಿ ನೋಡುತ್ತೇನೆ, ಗಾಳಿ ಇದ್ದರೆ ಸರಿ, ಇಲ್ಲದಿದ್ದರೆ ಪಂಪು ಹುಡುಕಬೇಕು. ಹೊರಟೆ.