ಮರಳು ತುಂಬಿದ ಊಟದ ಡಬ್ಬಿ

ಮಾರ್ಚ್ 3, ಸಂಜೆ
ಇವತ್ತೂ ಹಳೇ ಮೊಬೈಲುಗಳನ್ನು ಬಿಚ್ಚಿದ್ದೇ ಆಯಿತು. ಮತ್ತೊಂದು ಊದಿಕೊಂಡ ಬ್ಯಾಟರಿ. ಚುಚ್ಚಿದರೂ ಬೆಂಕಿ, ಜಜ್ಜಿದರೂ ಬೆಂಕಿ. ಎಲ್ಲಿಡುವುದು? ಮಾರ್ಕೆಟ್ ಸಂಘದ ಅಧ್ಯಕ್ಷನಿಗೆ ಒಂದು ಮರಳಿನ ಡ್ರಮ್ ಕೇಳಿ ಕೇಳಿ ಸಾಕಾಯಿತು. "ಮಾರ್ಕೆಟ್ ಅಂದ ಕೆಡ್ತದಮ್ಮ" ಅಂದ. ಅಂದವಂತೆ! ಫೋನು ಮಾರುವವರಿಗೆ ಅಂದ, ಅದರ ಹೆಣ ಹೊರುವ ನಮಗೆ ಹೊಗೆ.
ಇದೇ ಕೆಲಸದ ಓಣಿಯ ಹೆಂಗಸರೆಲ್ಲ ಮಾಡುವುದನ್ನೇ ಮಾಡಿದೆ. ಊಟದ ಡಬ್ಬಿಗೆ ಮರಳು ತುಂಬಿ ಬ್ಯಾಟರಿಯನ್ನು ಅದರೊಳಗೆ ಹೂತಿಟ್ಟೆ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಡಬ್ಬಿ ಹೊಸ್ತಿಲ ಪಕ್ಕ.

ಮಾರ್ಚ್ 4, ಮಧ್ಯಾಹ್ನ
ಅಯ್ಯೋ. ಅತ್ತೆಯ ಊಟ ಇಲ್ಲೇ ಇದೆ. ಮರಳಿನ ಡಬ್ಬಿ ಇಲ್ಲ. ಎರಡೂ ಒಂದೇ ಜೋಡಿಯವು… ಅತ್ತೆ ಗುಡಿಸುವುದು ಮಕ್ಕಳ ಶಾಲೆ. ಫೋನು ಮಾಡೋಣವೆಂದರೆ ಅವರ ಫೋನು ರಿಪೇರಿಗೆಂದು ನನ್ನೆದುರೇ ಬಿಚ್ಚಿಕೊಂಡು ಬಿದ್ದಿದೆ. ಹೊರಟೆ.

ಅದೇ ದಿನ, ಸಂಜೆ
ಯಾರಿಗೂ ಏನೂ ಆಗಿಲ್ಲ. ಏನೂ ಆಗಿಲ್ಲ.
ಓಡಿ ಹೋಗಿ ನೋಡಿದರೆ — ಆಟದ ಬಯಲಿನ ನಟ್ಟನಡುವೆ ಡಬ್ಬಿ. ಮುಚ್ಚಳ ಕರ್ರಗೆ. ಪೊರಕೆ ಎತ್ತಿ ಹಿಡಿದು ಮಕ್ಕಳನ್ನು ದೂರ ಅಟ್ಟುತ್ತ ನಿಂತ ಅತ್ತೆ.
"ಏನೇ ಮುದ್ದಿನ ಸೊಸೆ, ನನ್ಮೇಲೆ ಸಿಟ್ಟಿದ್ರೆ ಬಾಯಲ್ಲೇ ಹೇಳ್ಬಾರ್ದಿತ್ತಾ? ಮರಳು ತಿನ್ನಿಸ್ಬೇಕಿತ್ತಾ?"
"ಅತ್ತೆ, ಕೈ ಸುಟ್ಕೊಂಡ್ರಾ?"
"ಬೆಚ್ಚಗಿತ್ತು, ಅನ್ನ ಅಂದ್ಕೊಂಡೆ. ತೆಗೆದ್ರೆ ಒಳಗೇನೋ ಉಬ್ತಾ ಇದೆ! ತಂದು ಇಲ್ಲಿಟ್ಟೆ. ಬುಸ್ ಅಂತು. ಹಸಿವೆಲ್ಲ ಹಾರಿಹೋಯ್ತು ನೋಡು."
ನಕ್ಕೆ. ಅಳುವೂ ಬಂತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮಾರ್ಚ್ 6
ಓಣಿಯವರೆಲ್ಲ ಸಂಘದ ಆಫೀಸಿಗೆ ನುಗ್ಗಿದೆವು. ಎಲ್ಲರ ಕೈಯಲ್ಲೂ ಮರಳಿನ ಡಬ್ಬಿ. ಅಧ್ಯಕ್ಷ ಹಲ್ಲು ಕಿರಿದ. "ಏನ್ರಮ್ಮಾ, ಊಟ ತಂದಿದ್ದೀರಾ?"
ಅತ್ತೆ ಸುಟ್ಟ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. "ಹೂಂ ಕಣಪ್ಪ. ನಿಮ್ಮ ಅಂಗಡಿಗಳದ್ದೇ ಅಡುಗೆ. ಬಡಿಸ್ಲಾ?"
ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಮಹಾಶಯ ಕುರ್ಚಿಯಿಂದ ನೆಗೆದು ಬಾಗಿಲಲ್ಲಿದ್ದ! ನಾವು ಕದಲಲಿಲ್ಲ. ಡ್ರಮ್ ಕೊಡುತ್ತೇನೆ ಎಂದ ಮೇಲೇ ಹೊರಟದ್ದು. ಭಿಕ್ಷೆಯಲ್ಲ, ಹಕ್ಕು.

ಮಾರ್ಚ್ 15
ಡ್ರಮ್ ಬಂತು. ಓಣಿಯ ಬಾಯಲ್ಲೇ ಇಟ್ಟರು, ಮರಳು ತುಂಬಿ. ಡಬ್ಬಿಗಳೆಲ್ಲ ಖಾಲಿಯಾದವು. ಎದೆ ಹಗುರ. ಅತ್ತೆಗೆ ಹೊಸ ಡಬ್ಬಿ ತಂದೆ. ಆದರೂ ದಿನಾ ಬೆಳಿಗ್ಗೆ ನನ್ನ ಮುಂದೆಯೇ ಮುಚ್ಚಳ ತೆಗೆದು ಮೂಸುತ್ತಾರೆ. "ಸೊಸೇನ ನಂಬಿ ಕೆಟ್ಟೋಳು ನಾನು" — ಓಣಿಗೆಲ್ಲ ಕೇಳುವ ಹಾಗೆ.

ಮಾರ್ಚ್ 19, ಬೆಳಿಗ್ಗೆ
ಇವತ್ತು ಅತ್ತೆ ಡಬ್ಬಿ ತೆಗೆದು ನೋಡಲಿಲ್ಲ. ಬಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ನನಗೇ ತಡೆಯಲಾಗಲಿಲ್ಲ. ತಿರುವಿನವರೆಗೆ ಓಡಿ, ನಿಲ್ಲಿಸಿ, ಮುಚ್ಚಳ ತೆಗೆದು…
ಅನ್ನ. ಅನ್ನವೇ ಇತ್ತು.